ಸ್ವೆಟರ್ ತರುವ ಮೊದಲು ಒಂದು ಎಳೆ ಸುಟ್ಟು ನೋಡಿ

ಕಳೆದ ವಾರ ಮೊಮ್ಮಗ ಸ್ವೆಟರ್ ತರಿಸಿದ. ಮೊಬೈಲ್‌ನಲ್ಲೇ ಆರಿಸಿದ್ದು, ಮೊಬೈಲ್‌ನಲ್ಲೇ ದುಡ್ಡು ಕೊಟ್ಟಿದ್ದು. ‘ಆಯಿ, ಪಕ್ಕಾ ಉಣ್ಣೆ’ ಅಂದ. ಕೈಗೆ ತಗೊಂಡ ಕೂಡಲೇ ನನಗೆ ಗೊತ್ತಾಯಿತು. ಮುಟ್ಟದೆ ಬಟ್ಟೆ ಕೊಳ್ಳುವುದು ಅದೆಂಥ ಶಾಣ್ಯಾತನವೋ!

ನಮ್ಮ ಬೆಳಗಾವಿ ಸುಮಾರು 2,500 ಅಡಿ ಎತ್ತರದಲ್ಲಿದೆ. ದೀಪಾವಳಿ ಮುಗಿಯಿತೆಂದರೆ ಬೆಳಗಿನ ಗಾಳಿ ಕಿವಿ ಕಚ್ಚುತ್ತದೆ. ಖಡೇಬಜಾರಿಗೆ ಆಗಲೇ ಹೋಗಬೇಕು. ಥಂಡಿ ಬಿದ್ದು ಮಕ್ಕಳು ಕೆಮ್ಮಲು ಶುರುವಾದ ಮೇಲೆ ಓಡಿದರೆ ಉಳಿದದ್ದೇ ಸಿಗುತ್ತದೆ. ಹೋಗುವಾಗ ದಪ್ಪ ಅಂಗಿ ಹಾಕಿಕೊಂಡು ಹೋಗಿ, ಅದರ ಮೇಲೆಯೇ ತೊಟ್ಟು ನೋಡಿ. ಅಟ್ಟದ ಮೇಲಿನ ಡಬ್ಬಿ ಇಳಿಸುವ ಹಾಗೆ ಎರಡೂ ಕೈ ಎತ್ತಿ. ಹೊಟ್ಟೆ ಕಂಡರೆ ಅದು ಬೇಡ. ತೋಳಿನ ತುದಿ ಜಗ್ಗಿ ಬಿಡಿ, ತಟ್ಟನೆ ಮೊದಲಿನ ಹಾಗೆ ಆಗಬೇಕು.

ಈಗ ಮುಖ್ಯ ಮಾತು. ನನ್ನ ಚೀಲದಲ್ಲಿ ಯಾವಾಗಲೂ ಕಡ್ಡಿಪೆಟ್ಟಿಗೆ ಇರುತ್ತದೆ, ಸೊಸೆ ನಗುತ್ತಾಳೆ. ಕೆಲವು ಸ್ವೆಟರ್‌ಗಳಿಗೆ ಪುಟ್ಟ ಪೊಟ್ಟಣದಲ್ಲಿ ಒಂದು ಗುಂಡಿ, ಸ್ವೆಟರ್ ಹೆಣೆದದ್ದೇ ದಾರ ಒಂದಿಷ್ಟು ಕೊಟ್ಟಿರುತ್ತಾರೆ. ಅದೇ ದಾರ ಸಾಕು. ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ, ಒಳ ಹೊಲಿಗೆಯ ಹತ್ತಿರ ಇಳಿಬಿದ್ದ ಹೆಣಿಗೆಯ ದಾರದಿಂದ ಬೆರಳುದ್ದ ಎಳೆ ತಗೊಳ್ಳಿ. ಹೊರಗೆ ಮೆಟ್ಟಿಲ ಮೇಲೆ ಬನ್ನಿ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಎಳೆಯನ್ನು ಹೇರ್‌ಪಿನ್‌ನಿಂದ ಹಿಡಿಯಿರಿ, ಬೆರಳಿನಿಂದ ಬೇಡ, ಕರಗಿದ್ದು ಚರ್ಮಕ್ಕೆ ಅಂಟಿದರೆ ಬೊಬ್ಬೆ ಏಳುತ್ತದೆ. ಕಡ್ಡಿ ಗೀರಿ ತುದಿಗೆ ತಾಗಿಸಿ, ತೆಗೆಯಿರಿ. ಉಣ್ಣೆಯಾದರೆ ನಿಧಾನ ಸುಡುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಬೂದಿಯನ್ನು ಬೆರಳಲ್ಲಿ ಒತ್ತಿ, ಪುಡಿಪುಡಿ ಆಗಬೇಕು. ಆಕ್ರಿಲಿಕ್, ಅಂದರೆ ಉಣ್ಣೆಯ ಹಾಗೇ ಕಾಣುವ ಕೃತಕ ನೂಲು ಆದರೆ ಕರಗಿ, ಕೆಟ್ಟ ಘಾಟು ಬಂದು, ತುದಿಯಲ್ಲಿ ಕರೀ ಗುಂಡು ಕೂಡುತ್ತದೆ. ಅದು ಉಗುರಿಗೂ ಒಡೆಯುವುದಿಲ್ಲ. ಕೂದಲ ವಾಸನೆಯೂ ಬಂತು, ಗಟ್ಟಿ ಕಾಳೂ ಸಿಕ್ಕಿತು ಅಂದರೆ ಎರಡೂ ಬೆರೆಸಿದ ಮಾಲು.

ಆಕ್ರಿಲಿಕ್ ಕೆಟ್ಟದ್ದಲ್ಲ. ಮಕ್ಕಳಿಗೆ ಅದೇ ಸಲೀಸು, ಬೇಕಾದಷ್ಟು ಸಲ ಒಗೆಯಬಹುದು. ಉಣ್ಣೆಯ ರೇಟು ಕೊಡಬೇಡಿ, ಅಷ್ಟೇ. ಥಂಡಿಗೆ ಊರೂರಿಗೆ ಬಂದು ಮಾರುವ ಟಿಬೆಟಿಯನ್ನರ ಹತ್ತಿರವೂ ಹೀಗೇ ನೋಡಿ ತಗೊಳ್ಳಿ, ಅವರ ಬಹಳಷ್ಟು ಮಾಲು ಲೂಧಿಯಾನದ್ದು.

ನಾವು ಚಿಕ್ಕವರಿದ್ದಾಗ ಸ್ವೆಟರ್ ಎಲ್ಲಿತ್ತು? ಎಳ್ಳಮಾವಾಸ್ಯೆಗೆ ನಸುಕಿನಲ್ಲೇ ಚಕ್ಕಡಿ ಹೂಡುತ್ತಿದ್ದರು, ನಾವೆಲ್ಲ ಅಪ್ಪನ ಕಂಬಳಿಯೊಳಗೆ ಮುದುಡಿಕೊಂಡು ಹೊಲಕ್ಕೆ ಹೋಗುತ್ತಿದ್ದೆವು. ಚುಚ್ಚುತ್ತಿತ್ತು, ಆದರೆ ಗಾಳಿ ಒಳಗೆ ಬರುತ್ತಿರಲಿಲ್ಲ. ಈಗಿನವರಿಗೆ ಒಂದೇ ದಪ್ಪ ಜಾಕೆಟ್ ಬೇಕು. ತೆಳ್ಳನೆಯ ಎರಡು ಹಾಕಿಕೊಳ್ಳಿ ಅಂದರೆ ಕೇಳುವುದಿಲ್ಲ. ನಡುವಿನ ಗಾಳಿಯೇ ಬೆಚ್ಚಗಿಡುತ್ತದೆ, ಅಲ್ವಾ?

ಉಣ್ಣೆಯನ್ನು ಬಿಸಿನೀರಿಗೆ ಹಾಕಿ ತಿಕ್ಕಬೇಡಿ, ಗೊಂಬೆಗೆ ಹಾಕುವಷ್ಟಾಗುತ್ತದೆ. ಟ್ರಂಕಿನಲ್ಲಿಡುವಾಗ ಬೇವಿನೆಲೆ ಹಾಕಿ, ಚೆನ್ನಾಗಿ ಒಣಗಿದ್ದು. ಜೋಳದ ಡಬ್ಬಿಗೂ ಹಾಗೇ. ಹಸಿ ಎಲೆ ಹಾಕಿ ಮುಚ್ಚಿ, ಬೂಸ್ಟು ಬಂತು ಅಂತ ಆಮೇಲೆ ನನ್ನನ್ನು ಕೇಳಬೇಡಿ.

ಮೊಮ್ಮಗನ ಸ್ವೆಟರ್? ಕರೀ ಗುಂಡೇ ಕೂಡಿತು. ವಾಪಸ್ ಕಳಿಸೋಣ ಅಂದರೆ ಎಳೆ ಕಿತ್ತವಳು ನಾನೇ. ಎರಡು ದಿನದಿಂದ ಮಾತು ಬಿಟ್ಟಿದ್ದಾನೆ.