ಕಿಡ್ನಿ ಬಾಕ್ಸ್‌ಗೆ ಐಸ್ ಜೊತೆ ನೀರೂ ಬೇಕು: ನನ್ನ ಅನುಭವ

ಕಸಿಗಾಗಿ ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಕಿಡ್ನಿಗಳನ್ನು ಬಾಕ್ಸ್‌ನಲ್ಲಿ ಕಟ್ಟುವುದು ನನ್ನ ಕೆಲಸ. ಐಸ್ ಮೇಲೆ ನೀರು ಸುರಿಯೋಣ ಅಂದಾಗ ಒಟಿಯಲ್ಲಿ (ಆಪರೇಷನ್ ಥಿಯೇಟರ್‌ನಲ್ಲಿ) ಯಾರೂ ಒಪ್ಪಲಿಲ್ಲ. 'ಬೇಗ ಕರಗಿಬಿಡುತ್ತೆ ಅಲ್ವಾ?' ಎಂದರು. ಈಗ ಅವರೂ ಹಾಗೇ ಕಟ್ಟುತ್ತಾರೆ.

ನನ್ನ ಭಯ ಇದ್ದದ್ದು ಬಿಸಿಯ ಬಗ್ಗೆ ಅಲ್ಲ. ಡೀಪ್ ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಮೈನಸ್ 18, 20ರಲ್ಲಿ ಇರುತ್ತದೆ. ಅದು ಚೀಲಕ್ಕೆ ಒತ್ತಿಕೊಂಡರೆ ಕಿಡ್ನಿಯ ಆ ಭಾಗ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದನ್ನು ಅಂಗ ಕೆಡದಂತೆ ಕಾಪಾಡುವ ಯಾವ ಯೂಡಬ್ಲ್ಯೂ ದ್ರಾವಣವೂ ಉಳಿಸುವುದಿಲ್ಲ. ನಮಗೆ ಬೇಕಾದದ್ದು 4 ಡಿಗ್ರಿ ಆಸುಪಾಸು. ನೀರಿನಲ್ಲಿ ಮುಳುಗಿದ ಪುಡಿ ಐಸ್ ಸೊನ್ನೆಯಲ್ಲೇ ನಿಲ್ಲುತ್ತದೆ, ಸಂದುಗಳನ್ನೂ ತುಂಬುತ್ತದೆ.

ಮಾಂಸದ ಅಂಗಡಿಯಿಂದ ಕುರಿ ಕಿಡ್ನಿ ತಂದು ತಾಪಮಾನ ಅಳೆಯುವ ಪ್ರೋಬ್ ಚುಚ್ಚಿ ನೋಡಿದೆ. ದ್ರಾವಣ ದುಬಾರಿ, ಆದ್ದರಿಂದ ಬರೀ ಸಲೈನ್. ಜೆಲ್ ಪ್ಯಾಕ್ ಇಟ್ಟಾಗ ಒಂದು ಬದಿ ಕಲ್ಲಾಯಿತು, ಇನ್ನೊಂದು ಬದಿ 9ಕ್ಕೆ ಏರಿತು. ಥರ್ಮೋಕೋಲ್ ಡಬ್ಬದ ಮುಚ್ಚಳ ಜೀಪಿನ ಕುಲುಕಾಟಕ್ಕೇ ಬಿಟ್ಟುಕೊಂಡಿತು. ಹೊರದೇಶದ ಬಾಕ್ಸ್ ಕೇಳಿದರೆ ಲಕ್ಷದ ಮಾತು. ಕೊನೆಗೆ ನಾಲ್ಕು ಸಾವಿರದ ಐಸ್ ಬಾಕ್ಸ್, ತಾಪಮಾನ ದಾಖಲಿಸುತ್ತಾ ಹೋಗುವ ಆರೋ ಏಳೋ ಸಾವಿರದ ಲಾಗರ್. ಎರಡೂ ಮೊದಲು ನನ್ನ ಜೇಬಿನಿಂದಲೇ.

ಮಂಡ್ಯದ ಅಕ್ಕಿ ಗಿರಣಿಯಿಂದ ಹೊಟ್ಟು ತಂದು ಎರಡು ಬಾಕ್ಸ್‌ಗಳ ನಡುವೆ ತುಂಬಿಯೂ ನೋಡಿದೆ. ಐಸ್ ಬಹಳ ಹೊತ್ತು ಉಳಿಯಿತು. ಆದರೆ ಆ ಧೂಳನ್ನು ಒಟಿ ಒಳಗೆ ತರುವ ಹಾಗಿಲ್ಲ, ಬಿಟ್ಟೆ.

ಕಿಡ್ನಿಯನ್ನು ಒಂದರೊಳಗೊಂದು ಮೂರು ಚೀಲಗಳಲ್ಲಿ ಕಟ್ಟುತ್ತೇವೆ, ಕಿಡ್ನಿ ಇರುವುದು ಒಳಗಿನ ಮೊದಲ ಚೀಲದಲ್ಲಿ. ಎರಡನೇ ಚೀಲಕ್ಕೆ ನಾನು ಐಸ್ ಹಾಕುವುದಿಲ್ಲ, ತಣ್ಣನೆಯ ಸಲೈನ್ ಮಾತ್ರ. ಪ್ರೋಬ್ ಇರುವುದೂ ಅಲ್ಲೇ. ಮೂರನ್ನೂ ಗಟ್ಟಿ ಡಬ್ಬದಲ್ಲಿ ಮುಚ್ಚಿದ ಮೇಲೆಯೇ ಐಸ್ ನೀರಿಗೆ ಇಳಿಸುವುದು. ಚೀಲದ ಬಾಯಿ ಬಿಗಿಯುವ ನನ್ನ ರೀತಿಯನ್ನು ಎದುರಿಗೆ ಬಂದವರಿಗೆ ತೋರಿಸುತ್ತೇನೆ, ಬರೆದು ಹೇಳಲು ಆಗದು.

ಬೆಂಗಳೂರು ಸುಮಾರು 145 ಕಿ.ಮೀ. ಪೊಲೀಸರು ದಾರಿ ತೆರವು ಮಾಡಿಕೊಡುವ ಗ್ರೀನ್ ಕಾರಿಡಾರ್ ಇದ್ದರೆ ರಸ್ತೆಯಲ್ಲಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹೊತ್ತು ಹೋಗುವುದು ಕ್ರಾಸ್‌ಮ್ಯಾಚ್‌ಗೆ (ದಾನಿಯ ಕಿಡ್ನಿ ರೋಗಿಗೆ ಹೊಂದುತ್ತದೆಯೇ ಎಂಬ ರಕ್ತ ಪರೀಕ್ಷೆಗೆ), ಅಲ್ಲಿ ಒಟಿ ಸಿಗುವುದಕ್ಕೆ. 24 ಗಂಟೆಯೊಳಗೆ ಕಸಿ ಆಗಲಿ ಅಂತ ಎಲ್ಲರೂ ಓಡುತ್ತೇವೆ. ಗಂಟೆ ಜಾಸ್ತಿಯಾದಷ್ಟೂ ಹೊಸ ಕಿಡ್ನಿ ತಡವಾಗಿ ಕೆಲಸ ಶುರುಮಾಡುತ್ತದೆ, ರೋಗಿಗೆ ಮತ್ತೆ ಡಯಾಲಿಸಿಸ್. ಅದಕ್ಕೇ ನನ್ನ ಬಾಕ್ಸ್ ರಾತ್ರಿಯಿಡೀ ತಡೆಯಬೇಕು ಅಂತ ಹಟ ಹಿಡಿದದ್ದು. ಕಳೆದ ಬೇಸಿಗೆಯಲ್ಲಿ ಹೋದ ಒಂದು ಬಾಕ್ಸ್‌ನ ಲಾಗರ್ ವಾಪಸ್ ಬಂದಾಗ ಓದಿದೆ: 2ಕ್ಕೂ 4ಕ್ಕೂ ನಡುವೆ ನೇರ ಗೆರೆ.

ಐಸ್ ಎಷ್ಟು, ನೀರು ಎಷ್ಟು ಅಂತ ಕೇಳಬೇಡಿ. ಅದು ಬಾಕ್ಸ್‌ನಿಂದ ಬಾಕ್ಸ್‌ಗೆ ಬೇರೆ. ಸಲೈನ್ ಚೀಲ ಇಟ್ಟು ಒಂದು ರಾತ್ರಿ ಲಾಗರ್ ಓಡಿಸಿ ನೋಡಿ.