ಹೆಂಡತಿಯ ಕೊಲೆ ಕೇಸಿನ ಅಪೀಲು: ನಾನು ಹಿಡಿದ ಒಂದೇ ಎಳೆ

ಹೆಂಡತಿಯನ್ನು ಕೊಂದನೆಂದು ಜೀವಾವಧಿ ಶಿಕ್ಷೆಯಾದವನ ಅಪೀಲನ್ನು ಅವನ ಪರವಾಗಿ ನಾನು ಹೈಕೋರ್ಟಿನ ಧಾರವಾಡ ಪೀಠದಲ್ಲಿ ನಡೆಸಿದೆ. ಕಣ್ಣಾರೆ ಕಂಡ ಸಾಕ್ಷಿ ಯಾರೂ ಇಲ್ಲ. ರಾತ್ರಿ ಮನೆಯೊಳಗೆ ಕತ್ತು ಹಿಸುಕಿದ ಸಾವು. ಏನಾಯಿತೆಂದು ಗಂಡನೇ ಹೇಳಬೇಕಿತ್ತು, ಹೇಳಲಿಲ್ಲ ಅಂತ ಸೆಷನ್ಸ್ ಕೋರ್ಟ್ ಶಿಕ್ಷೆ ಕೊಟ್ಟಿತ್ತು.

ಇದು ಸಾಕ್ಷ್ಯ ಕಾಯ್ದೆಯ 106ನೇ ಸೆಕ್ಷನ್: ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ರುಜುವಾತು ಮಾಡಬೇಕು ಎನ್ನುತ್ತದೆ. 2023ರ ಹೊಸ ಕಾನೂನಿನಲ್ಲಿ 109. ಇಂಥ ಕೇಸಲ್ಲಿ ಸರ್ಕಾರಿ ವಕೀಲರು 2006ರ ತ್ರಿಮುಖ್ ಮಾರೋತಿ ತೀರ್ಪು ತೆಗೆದೇ ತೆಗೆಯುತ್ತಾರೆ. ಮನೆಯೊಳಗೆ ಸಾವಾದರೆ ಒಳಗಿದ್ದವರು ವಿವರಣೆ ಕೊಡಬೇಕು ಎನ್ನುತ್ತದೆ ಅದು. ಸರಿಯೇ. ಆದರೆ ಅವನು ಒಳಗಿದ್ದ ಅಂತ ಮೊದಲು ಪ್ರಾಸಿಕ್ಯೂಷನ್ ತೋರಿಸಬೇಕಲ್ವಾ? 106 ಬಂದ ಮಾತ್ರಕ್ಕೆ ಅವರ ರುಜುವಾತಿನ ಹೊರೆ ಇಳಿಯುವುದಿಲ್ಲ ಅಂತ ಶಂಭುನಾಥ್ ಮೆಹ್ರಾ ಕೇಸಲ್ಲಿ ಸುಪ್ರೀಂ ಕೋರ್ಟ್ 1956ರಲ್ಲೇ ಹೇಳಿದೆ.

ಹಾಗಾಗಿ ಕೆಳಗಿನ ಕೋರ್ಟಿನ ಕಡತ ತರಿಸಿಕೊಂಡು, ಆ ರಾತ್ರಿ ಅವನನ್ನು ಯಾರು, ಎಷ್ಟು ಹೊತ್ತಿಗೆ ನೋಡಿದರು ಅಂತ ಮಾತ್ರ ಬರೆದುಕೊಳ್ಳುತ್ತಾ ಹೋದೆ. ಪಕ್ಕದ ಮನೆಯವರು ಸಂಜೆ ನೋಡಿದ್ದರು. ಆಮೇಲೆ ಯಾರೂ ಇಲ್ಲ. ಆರೋಪಿಯನ್ನು ಕೋರ್ಟೇ ಕೇಳಿ ಬರೆದುಕೊಳ್ಳುವ, ದಂಡ ಪ್ರಕ್ರಿಯಾ ಸಂಹಿತೆಯ 313ನೇ ಸೆಕ್ಷನ್ನಿನ ಹೇಳಿಕೆಯಲ್ಲಿ ಅವನು, ರಾತ್ರಿ ಪಾಳಿಗೆ ಸಕ್ಕರೆ ಕಾರ್ಖಾನೆಗೆ ಹೋಗಿದ್ದೆ ಎಂದಿದ್ದ. ಅಂದರೆ ಸುಮ್ನೆ ಕೂತಿರಲಿಲ್ಲ, ಹೇಳಿದ್ದ! ತೀರ್ಪಿನಲ್ಲಿ ಆ ಮಾತಿನ ಸುದ್ದಿಯೇ ಇಲ್ಲ. ಗೇಟಿನ ಹಾಜರಿ ಪುಸ್ತಕ ವಶಪಡಿಸಿಕೊಂಡಿಲ್ಲ ಅಂತ ತನಿಖಾಧಿಕಾರಿ ಪಾಟಿ ಸವಾಲಿನಲ್ಲಿ ಒಪ್ಪಿದ್ದರು. ವೈದ್ಯರು ಹೇಳಿದ ಸಾವಿನ ಸಮಯವೂ ಆ ಪಾಳಿಯ ಹೊತ್ತಿಗೇ ಬೀಳುತ್ತಿತ್ತು.

ಅಪೀಲು ಮೆಮೊದಲ್ಲಿ ಬೇರೆ ಆಧಾರಗಳೂ ಜಾಸ್ತಿ ಇದ್ದವು. ಮಹಜರಿಗೆ ಸಾಕ್ಷಿಯಾಗಿದ್ದ ಪಂಚರು ತಿರುಗಿ ಬಿದ್ದದ್ದು, ದೂರು ತಡವಾದದ್ದು. ಅವನ್ನೆಲ್ಲ ಬಿಟ್ಟೆ. ಹತ್ತು ಸಣ್ಣ ದೋಷ ಹೇಳಿದರೆ ದೊಡ್ಡದೊಂದು ಮುಚ್ಚಿಹೋಗುತ್ತದೆ. ಸಾಂದರ್ಭಿಕ ಸಾಕ್ಷ್ಯದ ಸರಪಳಿಯಲ್ಲಿ ಕೊಂಡಿ ಬಿಟ್ಟಿರಬಾರದು ಎನ್ನುವ 1984ರ ಶರದ್ ಸಾರ್ದಾ ತೀರ್ಪನ್ನು ಇಟ್ಟು, ಇಲ್ಲಿ ಮೊದಲ ಕೊಂಡಿಯೇ ಇಲ್ಲ ಎಂದು ವಾದಿಸಿದೆ. ಅದೂ ಹೆಂಡತಿಯ ಸಾವಿನ ಕೇಸೇ.

ತೀರಿಹೋದ ಆ ಹೆಣ್ಣುಮಗಳ ತಂದೆ ಪ್ರತಿ ವಾಯಿದೆಗೂ ಬರುತ್ತಿದ್ದರು. ಅವರ ಮುಖ ನೋಡುವುದು ಕಷ್ಟವಾಗುತ್ತಿತ್ತು. ಒಂದು ಪುಸ್ತಕ ತರಿಸದೆ ತನಿಖೆ ಮುಗಿಸಿದ್ದು ಅವರ ಮಗಳಿಗೂ ಆದ ಅನ್ಯಾಯ ಅಂತಲೇ ನಾನು ನಂಬಿದ್ದೇನೆ.

ಪೀಠ ಅನುಮಾನದ ಲಾಭ ಕೊಟ್ಟು ಬಿಡುಗಡೆ ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದರೆ ಹಾಜರಾಗುತ್ತೇನೆಂದು ಅವನು ಆರು ತಿಂಗಳ ಬಾಂಡ್ ಬರೆದುಕೊಡಬೇಕಿತ್ತು. ಜಾಮೀನುದಾರರನ್ನು ಹುಡುಕಲು ಅವನ ಅಣ್ಣ ಅವತ್ತೇ ಊರಿಗೆ ಹೊರಟರು.