ಖಾಲಿ ಖಾನೆ ಮತ್ತು ಅಭಾವ: ಡೇರಿ ಲೆಕ್ಕದಲ್ಲಿ ತರ್ಕಸಂಗ್ರಹ ಬಳಸಿದ ನನ್ನ ಅನುಭವ

ಮಂಡ್ಯ ಜಿಲ್ಲೆಯ ಕೆಲವು ಊರುಗಳ ಹಾಲಿನ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಮನೆ ಮೈಸೂರಿನಲ್ಲಿ. ಡೇರಿಯಲ್ಲಿ ಬೆಳಗ್ಗೆ, ಸಂಜೆ ಎರಡು ಹೊತ್ತೂ ಹಾಲು ಅಳೆಯುತ್ತಾರೆ. ಸ್ಯಾಂಪಲ್ ತೆಗೆದು ಮಿಷನ್ನಿಗೆ ಹಾಕಿ ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ. ಅದರ ಮೇಲೆ ದರ ಕಟ್ಟಿ ಬಟವಾಡೆ ಮಾಡುತ್ತಾರೆ. ಈ ಲೆಕ್ಕದಲ್ಲಿ ಜಗಳಕ್ಕೆ ಮೂಲವಾಗುತ್ತಿದ್ದದ್ದು ಜಿಡ್ಡಿನ ಖಾಲಿ ಖಾನೆ. ಅದನ್ನು ಬಗೆಹರಿಸುವ ದಾರಿ ನನಗೆ ಸಿಕ್ಕಿದ್ದು 17ನೇ ಶತಮಾನದ ಅನ್ನಂಭಟ್ಟ ಸಂಸ್ಕೃತದಲ್ಲಿ ಬರೆದ ತರ್ಕಶಾಸ್ತ್ರದ ಪುಟ್ಟ ಪಠ್ಯ ತರ್ಕಸಂಗ್ರಹದಲ್ಲಿ.

ಡೇಟಾಬೇಸ್‌ನಲ್ಲಿ ಬೆಲೆ ಇಲ್ಲದ ಖಾನೆಗೆ ನಲ್ ಅನ್ನುತ್ತೇವೆ. ಎರಡು ನಲ್‌ಗಳು ಸಮವೇ ಎಂದು ಡೇಟಾಬೇಸ್‌ನ ಪ್ರಶ್ನಾಭಾಷೆಯಾದ ಎಸ್‌ಕ್ಯೂಎಲ್ ಅನ್ನು ಕೇಳಿದರೆ ಅದು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ, ‘ಗೊತ್ತಿಲ್ಲ’ ಅನ್ನುತ್ತದೆ. ಸರಾಸರಿ ಕೇಳಿದರೆ ನಲ್ ಇರುವ ಸಾಲನ್ನೇ ಬಿಟ್ಟು ಲೆಕ್ಕ ಹಾಕುತ್ತದೆ. ಖಾಲಿ ಬೇಡವೆಂದು ಯಾರಾದರೂ ಸೊನ್ನೆ ತುಂಬಿದರೆ ಹಾಲು ಹಾಕಿದವರ ಸರಾಸರಿ ಜಿಡ್ಡು ಕುಸಿದು ದುಡ್ಡು ಕಡಿಮೆಯಾಗುತ್ತದೆ. ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಮಾದರಿಯನ್ನು 1970ರಲ್ಲಿ ಕೊಟ್ಟ ಇ. ಎಫ್. ಕಾಡ್ ಅವರಿಗೇ ಒಂದು ಬಗೆಯ ನಲ್ ಸಾಲದೆನಿಸಿತ್ತು. ‘ಇರಬೇಕಿತ್ತು, ಗೊತ್ತಿಲ್ಲ’ ಎನ್ನುವುದಕ್ಕೆ ಒಂದು ಗುರುತು, ‘ಇಲ್ಲಿ ಅನ್ವಯಿಸುವುದೇ ಇಲ್ಲ’ ಎನ್ನುವುದಕ್ಕೆ ಇನ್ನೊಂದು ಇರಲಿ ಎಂದು ಅವರು 1990ರ ಪುಸ್ತಕದಲ್ಲಿ ವಾದಿಸಿದರು. ಎಸ್‌ಕ್ಯೂಎಲ್ ಮಾತ್ರ ಒಂದರಲ್ಲೇ ಉಳಿಯಿತು.

ಅದೇ ಕಾಲಕ್ಕೆ ನಾನು ಭಾನುವಾರ ಬೆಳಗ್ಗೆ ಅಗ್ರಹಾರದ ಹಿರಿಯ ವಿದ್ವಾಂಸರೊಬ್ಬರ ಮನೆಗೆ ತರ್ಕದ ಪಾಠಕ್ಕೆ ಹೋಗುತ್ತಿದ್ದೆ. ಅವರು ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ತರ್ಕಸಂಗ್ರಹ ಏಳು ಪದಾರ್ಥಗಳನ್ನು, ಅಂದರೆ ಜಗತ್ತನ್ನು ವಿಂಗಡಿಸುವ ವರ್ಗಗಳನ್ನು, ಹೇಳುತ್ತದೆ, ಏಳನೆಯದು ಅಭಾವ. ‘ಇಲ್ಲ’ ಎಂಬುದನ್ನೂ ಜಗತ್ತಿನ ಒಂದು ಪದಾರ್ಥವೆಂದು ಲೆಕ್ಕಕ್ಕೆ ಹಿಡಿದ ಶಾಸ್ತ್ರ ಇದು. ಅಭಾವದ ಪ್ರಕರಣ ಬಂದಾಗ ನಾನು ಡೇರಿಯ ಕಥೆ ತೆಗೆದೆ. ಗುರುಗಳು ಕೂಡಲೇ ಕೇಳಿದರು: “ಏನು ಇಲ್ಲ? ಎಲ್ಲಿ ಇಲ್ಲ? ಎರಡೂ ಹೇಳದೆ ಬರೀ ಇಲ್ಲ ಅಂದ್ರೆ ಅದು ವಾಕ್ಯವೇ ಆಗಲಿಲ್ಲವಲ್ಲಪ್ಪ.” ಯಾವುದು ಇಲ್ಲವೋ ಅದು ಪ್ರತಿಯೋಗಿ. ಎಲ್ಲಿ ಇಲ್ಲವೋ ಅದು ಅನುಯೋಗಿ. ನಲ್‌ಗೆ ಈ ಎರಡರಲ್ಲಿ ಒಂದರ ಪರಿವೆಯೂ ಇಲ್ಲ.

ಮೊದಲು ಪ್ರತಿಯೋಗಿಯನ್ನು ಗಟ್ಟಿ ಮಾಡಿಕೊಂಡೆ. ಖಾನೆಯಲ್ಲಿ ಇಲ್ಲದಿರುವುದು ಹಾಲಿನ ಜಿಡ್ಡಲ್ಲ, ಮಿಷನ್ನಿನ ರೀಡಿಂಗು. ಅಷ್ಟು ಸ್ಪಷ್ಟವಾದ ಮೇಲೆ ಅಭಾವದ ಬಗೆಗಳು ತಾವಾಗಿ ಬಂದು ಕೂತವು. ಸ್ಯಾಂಪಲ್ ಬಾಟಲಿಯಲ್ಲಿದೆ, ಕರೆಂಟಿಲ್ಲ, ರೀಡಿಂಗ್ ಇನ್ನು ಮೇಲೆ ಹುಟ್ಟಬೇಕು: ಪ್ರಾಗಭಾವ. ಮಿಷನ್ ರೀಡಿಂಗ್ ತೋರಿಸಿತು, ಬರೆದುಕೊಳ್ಳುವ ಮೊದಲೇ ಕರೆಂಟ್ ಹೋಗಿ ಅಳಿಸಿಹೋಯಿತು: ಪ್ರಧ್ವಂಸಾಭಾವ. ಹಸು ಬತ್ತಿದೆ, ಆ ಹೊತ್ತು ಹಾಲೇ ಹಾಕಿಲ್ಲ: ಆ ರೀಡಿಂಗಿನದು ಅತ್ಯಂತಾಭಾವ, ಮೂರು ಕಾಲಕ್ಕೂ ಇಲ್ಲ.

ಅನ್ನಂಭಟ್ಟ ಪ್ರಾಗಭಾವವನ್ನು ‘ಅನಾದಿಃ ಸಾಂತಃ’ ಅನ್ನುತ್ತಾನೆ, ಮೊದಲಿಲ್ಲ, ಕೊನೆಯಿದೆ. ಪ್ರಧ್ವಂಸ ‘ಸಾದಿರನಂತಃ’, ಮೊದಲಿದೆ, ಕೊನೆಯಿಲ್ಲ. ನಾನು ಇದನ್ನು ಇದ್ದ ಹಾಗೇ ಕೋಡ್‌ಗೆ ಇಳಿಸಿದೆ. ಪ್ರಾಗಭಾವದ ಸಾಲಿಗೆ ರೀಡಿಂಗ್ ತುಂಬಬಹುದು. ಪ್ರಧ್ವಂಸ ಎಂದು ಗುರುತಾದ ಸಾಲನ್ನು ಆಮೇಲೆ ಯಾರೂ ತಿದ್ದುವಂತಿಲ್ಲ, ಪರದೆಯಲ್ಲಿ ಆ ಖಾನೆ ತೆರೆಯುವುದೇ ಇಲ್ಲ. ಬಟವಾಡೆಯ ಹಿಂದಿನ ರಾತ್ರಿ ಅಂದಾಜಿನ ಅಂಕಿ ತುಂಬುವ ಅಭ್ಯಾಸ ಅಲ್ಲಿಗೆ ನಿಂತಿತು. ಎರಡು ಪದಗಳ ಲಕ್ಷಣದಲ್ಲಿ ಇಷ್ಟು ಕರಾರುವಾಕ್ಕಾದ ನಿಯಮ ಅಡಗಿರುವುದು ನನಗೆ ಇವತ್ತಿಗೂ ಬೆರಗು.

ಸ್ಯಾಂಪಲ್ ಪರೀಕ್ಷೆಗೆ ಮೊದಲೇ ಚೆಲ್ಲಿಹೋದರೆ? ರೀಡಿಂಗ್ ಹುಟ್ಟಿಯೇ ಇಲ್ಲ, ಹಾಗಾಗಿ ಪ್ರಧ್ವಂಸವಲ್ಲ. ಇನ್ನು ಹುಟ್ಟುವುದೂ ಇಲ್ಲ, ಹಾಗಾಗಿ ಪ್ರಾಗಭಾವವೂ ಅಲ್ಲ. ಅತ್ಯಂತಾಭಾವವೇ ಸರಿ, ಆದರೆ ಅದು ತಿಳಿಯುವುದು ಚೆಲ್ಲಿದ ಮೇಲೆ. ಅಂದರೆ ‘ಪ್ರಾಗಭಾವ’ ಎಂದು ನಾವು ಬರೆದದ್ದು ನಮ್ಮ ನಿರೀಕ್ಷೆ. ಹಾಗಾಗಿ ಅದಕ್ಕೆ ಗಡುವು ಇಟ್ಟೆ. ಗಡುವು ದಾಟಿದರೆ ಡೇರಿಯ ಸೆಕ್ರೆಟರಿ ಕಾರಣ ಬರೆಯಲೇಬೇಕು.

ದೊಡ್ಡ ತಕರಾರು ಬಂದದ್ದು ಗುರುಗಳಿಂದ. “ಹಾಲೇ ಬರಲಿಲ್ಲ ಅಂತೀರಿ. ಹಾಲಿನ ಸಾಲಲ್ಲಿ ರೀಡಿಂಗ್ ಇಲ್ಲ ಅಂತ ಬರೀತೀರಿ. ಹಾಲೇ ಇಲ್ಲದಿದ್ದರೆ ಆ ಅಭಾವ ಕೂರೋದು ಎಲ್ಲಿ?” ಅನುಯೋಗಿಯ ಪ್ರಶ್ನೆ. ಅದಕ್ಕಾಗಿ ಟೇಬಲ್‌ಗಳನ್ನೇ ಒಡೆದು ಕಟ್ಟಿದೆ. ಸದಸ್ಯ, ತಾರೀಖು, ಹೊತ್ತು ಸೇರಿ ಒಂದು ಟೇಬಲ್. ಹಾಲು ಬರಲಿ ಬಿಡಲಿ ಅಲ್ಲಿ ಸಾಲು ಇದ್ದೇ ಇರುತ್ತದೆ. ಅಳೆದ ಹಾಲಿಗೆ ಬೇರೆ ಟೇಬಲ್. ಹಾಲಿನ ಅಭಾವವಾಗಲಿ ರೀಡಿಂಗಿನ ಅಭಾವವಾಗಲಿ, ಎರಡೂ ಮೊದಲನೆಯದರಲ್ಲಿ ಕೂರುತ್ತವೆ.

ನಾಲ್ಕನೆಯದಾದ ಅನ್ಯೋನ್ಯಾಭಾವ, ‘ಇದು ಅದಲ್ಲ’ ಎಂಬುದು, ಖಾಲಿ ಖಾನೆಗೆ ಸಂಬಂಧಿಸಿದ್ದಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಸದಸ್ಯರಿದ್ದಾಗ ಖಾತೆ ಬೆರೆಯದಂತೆ ನೋಡುವ ಕಡೆ ಅದನ್ನಿಟ್ಟೆ.

ಇನ್ನೊಂದು ಪಾಠ ಯೋಗ್ಯಾನುಪಲಬ್ಧಿ. ವಸ್ತು ಇದ್ದಿದ್ದರೆ ಕಾಣುತ್ತಿತ್ತು ಎಂಬ ಸ್ಥಿತಿ ಇದ್ದಾಗ ಮಾತ್ರ, ಕಾಣದ್ದರಿಂದ ‘ಇಲ್ಲ’ ಎಂದು ತಿಳಿಯಬಹುದು. ಕತ್ತಲಲ್ಲಿ ಮಡಕೆ ಕಾಣಲಿಲ್ಲವೆಂದು ಮಡಕೆ ಇಲ್ಲ ಅನ್ನುವಂತಿಲ್ಲ. ಪ್ರೊಲಾಗ್‌ನಂಥ ತರ್ಕಾಧಾರಿತ ಪ್ರೋಗ್ರಾಮಿಂಗ್ ಭಾಷೆಗಳು ಸಾಧಿಸಲಾಗದ್ದನ್ನೆಲ್ಲ ಸುಳ್ಳೆಂದೇ ಹಿಡಿಯುತ್ತವೆ. ಕಂಪ್ಯೂಟರ್ ವಿಜ್ಞಾನಿ ಕೀತ್ ಕ್ಲಾರ್ಕ್ 1978ರಲ್ಲಿ ಇದಕ್ಕೆ ತಾರ್ಕಿಕ ತಳಹದಿ ಕೊಟ್ಟರು. ಮಾಹಿತಿ ಪೂರ್ತಿ ಇದೆ ಎಂದಾದರೆ ಅದು ಸರಿ. ನಮ್ಮಲ್ಲಿ ಹಾಗಿರಲಿಲ್ಲ. ಹಾಲು ಹಾಕಿದ ಹೆಂಗಸರೊಬ್ಬರ ಹೆಸರಿಗೆ ‘ಬಂದಿಲ್ಲ’ ಎಂದು ಬಿದ್ದಿದ್ದಾಗ ಸೆಕ್ರೆಟರಿ ಹೇಳಿದ್ದು: “ಅವ್ವ ಹಾಲ್ ತಂದಿದ್ರು ಸಾ, ಅವತ್ತು ಕಂಪ್ಯೂಟ್ರೇ ಆನ್ ಆಗ್ನಿಲ್ಲ.” ಈಗ ಪ್ರತಿ ಹೊತ್ತಿಗೂ ಕಂಪ್ಯೂಟರ್, ತಕ್ಕಡಿ, ಮಿಷನ್ ಚಾಲೂ ಇದ್ದವೇ ಎಂಬುದು ದಾಖಲಾಗುತ್ತದೆ. ಮೂರೂ ಇದ್ದರಷ್ಟೇ ಪ್ರೋಗ್ರಾಮು ‘ಹಾಲು ಬಂದಿಲ್ಲ’ ಎಂದು ಬರೆಯುತ್ತದೆ. ಇಲ್ಲದಿದ್ದರೆ ‘ನೋಡಲು ಆಗಲಿಲ್ಲ’ ಎಂದು ಬರೆದು ಕೈಬರಹದ ಪುಸ್ತಕ ನೋಡಲು ಹೇಳುತ್ತದೆ.

1985ರಲ್ಲಿ ಸಂಶೋಧಕ ರಿಕ್ ಬ್ರಿಗ್ಸ್ ‘ಎಐ ಮ್ಯಾಗಜೀನ್’ನಲ್ಲಿ ಬರೆದ ಲೇಖನದಿಂದ ‘ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಭಾಷೆ’ ಎಂಬ ಮಾತು ಹಬ್ಬಿದೆ. ಅವರು ಚರ್ಚಿಸಿದ್ದು ವೈಯಾಕರಣರು ವಾಕ್ಯದ ಅರ್ಥವನ್ನು ಬಿಡಿಸುವ ರೀತಿಗೂ ಕಂಪ್ಯೂಟರಿನಲ್ಲಿ ಅರ್ಥಗಳನ್ನು ಬಲೆಯಂತೆ ಜೋಡಿಸಿಡುವ ಸೆಮ್ಯಾಂಟಿಕ್ ನೆಟ್‌ಗಳಿಗೂ ಇರುವ ಹೋಲಿಕೆಯನ್ನು. ನಾನೂ ಆ ಮಾತು ಹೇಳುತ್ತಿಲ್ಲ, ನನ್ನ ಕೋಡ್ ಇರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಹಾಲಿಗೆ ನೀರು ಬೆರೆಸಿದ್ದನ್ನು ಅಂಕಿಗಳಿಂದ ಪತ್ತೆ ಮಾಡಲು ಸಂಖ್ಯಾಶಾಸ್ತ್ರವನ್ನೇ ಬಳಸುತ್ತೇನೆ. ಟೇಬಲ್ ಬರೆಯುವ ಮೊದಲು ಕಾಗದದ ಮೇಲೆ ಪ್ರತಿ ಖಾನೆಯ ಎದುರು ಪ್ರತಿಯೋಗಿ, ಅನುಯೋಗಿ ಬರೆದುಕೊಳ್ಳುವುದನ್ನು ಮಾತ್ರ ಬಿಟ್ಟಿಲ್ಲ. ಜೊತೆಗೆ ಕೆಲಸ ಮಾಡುವ ಹುಡುಗರೂ, ಸಂಸ್ಕೃತ ಓದದವರೂ, ಈಗ ಹಾಗೇ ಮಾಡುತ್ತಾರೆ.